ಹಿತ್ತಾಳೆ ಗುಂಡಿನ ಇಪ್ಪತ್ತು ತೂಗಾಟ

ಸಾವಿರದ ಒಂಬೈನೂರ ಇಪ್ಪತ್ತೇಳನೆಯ ಇಸವಿ ಜನವರಿಯ ಒಂದು ಶನಿವಾರ ಬೆಳಿಗ್ಗೆ ಸೋಲೂರಿನ ಕೆಂಪಿ ನಮ್ಮ ಮನೆಯ ಜಗಲಿಯ ಮೇಲೆ ಸಾಮೆಯ ಚೀಲ ಇಳಿಸಿದಳು. ತಿಂಗಳಿಗೊಮ್ಮೆ ಬರುವವಳೇ. ಬಂದಾಗಲೆಲ್ಲ ಹಟ್ಟಿಯ ಸುದ್ದಿಯನ್ನೆಲ್ಲ ಹೇಳಿ ಮುಗಿಸದೆ ಅಳತೆಗೆ ಕೈ ಹಾಕಿದವಳಲ್ಲ. ಆ ದಿನ ಮಾತ್ರ ತುಟಿ ಬಿಚ್ಚಲಿಲ್ಲ. ಕೊಲಗವನ್ನು ಚೀಲದೊಳಗೆ ಅದ್ದಿ ತುಂಬಿ, ಅಂಗೈಯಿಂದ ಮೇಲನ್ನು ಸವರಿ, ನಮ್ಮ ಕುಕ್ಕೆಗೆ ಪೂರ್ತಿ ಸುರಿದ ಮೇಲೆ "ಲಾಭ" ಎಂದಳು. ಸಂತೆಯಲ್ಲಿ ಧಾನ್ಯ ಅಳೆಯುವವರು ಮೊದಲ ಅಳತೆಯನ್ನು ಒಂದು ಎನ್ನದೆ ಲಾಭ ಎನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ. ಮತ್ತೆ ತುಂಬಿದಳು, ಸುರಿದಳು, "ಎರಡು" ಎಂದಳು. ನಾಲ್ಕನೆಯದನ್ನು ಸುರಿಯುವಾಗ ಅವಳ ಕಣ್ಣೀರು ಕೊಲಗದೊಳಕ್ಕೇ ಬಿತ್ತು.

"ಸಾಕು, ಕೊಲಗ ಕೆಳಗಿಡು ಕೆಂಪಿ" ಎಂದಳು ನನ್ನ ಅಕ್ಕ ಜೋಗಮ್ಮ. "ಏನಾಯ್ತು ಹೇಳು."

ಅಕ್ಕ ಊಟಿಯ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದಾದಿಯಾಗಿದ್ದು ನಿವೃತ್ತಳಾದವಳು. ಓದಿದ್ದು ನಾಲ್ಕನೇ ಇಯತ್ತೆ. ಆದರೆ ಆಸ್ಪತ್ರೆಯ ಕ್ವಿನೈನ್ ಡಬ್ಬಿ ಕಳವಾದಾಗ ಪೊಲೀಸರು ಹದಿನೈದು ದಿನ ಹುಡುಕಿದ್ದನ್ನು ಇವಳು ಒಂದು ಮಧ್ಯಾಹ್ನದಲ್ಲಿ ಪತ್ತೆ ಹಚ್ಚಿದ ಮೇಲೆ, ಊರಿನಲ್ಲಿ ಏನು ಬಗೆಹರಿಯದಿದ್ದರೂ ಜನ ನಮ್ಮ ಜಗಲಿಗೆ ಬರುವುದು ವಾಡಿಕೆಯಾಯಿತು. ಬಂದವರಿಗೆ ಕಾಫಿ ಕೊಡುವುದೂ, ಅಕ್ಕನ ಹಿಂದೆ ಛತ್ರಿ ಹಿಡಿದು ನಡೆಯುವುದೂ ನನ್ನ ಪಾಲಿನ ಕೆಲಸ. ನಾನು ಗುರುಸಿದ್ದಪ್ಪ, ಬೆಟ್ಟದ ಮೇಲಿನ ಇಂಟರ್‌ಮೀಡಿಯೆಟ್ ಕಾಲೇಜಿನ ಹೆಡ್ ಗುಮಾಸ್ತ.

ಕೆಂಪಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಎನ್ನ ಮಗ ಕಳ್ಳ ಅಲ್ಲ ಅಕ್ಕಾ. ಬೇರೆಯವನ ಬುಕ್ಕು ನೋಡಿ ಬರೆದ ಎಂದು ಕಾಲೇಜಿಲಿ ಹಿಡಿದಿದ್ದಾರೆ. ಇಂದು ಮೂರು ಗಂಟೆಗೆ ವಿಚಾರಣೆಯಂತೆ. ಒಪ್ಪಿಲೆ ಎಂದರೆ ಹೊರಗೆ ಹಾಕಿಬಿಡುತ್ತಾರೆ."

"ಒಪ್ಪಿದರೆ?"

"ಒಪ್ಪಿದರೆ ಮುಂದಿನ ವರುಷ ಮತ್ತೆ ಸೇರಬಹುದು, ಒಪ್ಪಿಬಿಡು ಎಂದು ಸಣ್ಣ ಮೇಷ್ಟ್ರು ಹೇಳಿದರಂತೆ. ಮುಂದಿನ ವರುಷ ಎಲ್ಲಿ ಬಂತು ಅಕ್ಕಾ? ನಂಗ ಹಟ್ಟಿಯ ಹಿರಿಯರು ಒಂದು ವರುಷ ನೋಡೋಣ ಎಂದೇ ಕಳಿಸಿದ್ದು. ಕದ್ದು ಬರೆದವ ಎಂಬ ಹೆಸರು ಬಂದರೆ ಇವನ ಓದು ಹೋಯಿತು. ಇವನ ಹಿಂದೆ ಇನ್ನೆರಡು ಮಕ್ಕ ಕಾದಿವೆ, ಅವುಗಳ ಓದೂ ಹೋಯಿತು."

"ನಿನ್ನ ಮಗ ಭೋಜನ್ ಏನಂತಾನೆ?"

"ಮಾಡಿಲೆ ಎಂದ. ಹೆತ್ತೆಯಮ್ಮನ ಮೇಲೆ ಆಣೆ ಹಾಕಿದ."

ಅಕ್ಕ ನನ್ನತ್ತ ತಿರುಗಿದಳು. "ಲೋ ಗುರು, ನಿನ್ನ ಕಾಲೇಜಿನಲ್ಲಿ ಇಷ್ಟೆಲ್ಲ ನಡೆದಿದ್ದರೂ ನನಗೆ ಒಂದು ಮಾತು ಹೇಳಲಿಲ್ಲವಲ್ಲ?"

ಹೇಳಲು ನನಗೆ ಮುಖವಿರಲಿಲ್ಲ. ಏಕೆಂದರೆ ಹುಡುಗನ ಕುತ್ತಿಗೆಗೆ ಬಿದ್ದಿದ್ದ ನಿಯಮವನ್ನು ಟೈಪ್ ಹೊಡೆದವನು ನಾನೇ.

ನಮ್ಮ ಭೌತಶಾಸ್ತ್ರದ ಪ್ರೊಫೆಸರ್ ಮಹಾಲಿಂಗಂ ಅವರಿಗೆ ನಿಯಮವೆಂದರೆ ಪ್ರಾಣ. ಮೊದಲ ವರ್ಷದ ಹುಡುಗರಿಗೆ ಮೊದಲ ದಿನವೇ ಹದಿನಾಲ್ಕು ನಿಯಮಗಳ ಒಂದು ಹಾಳೆ. ಅಲ್ಪವಿರಾಮ ಸರಿಯಾಗಿ ಬಿದ್ದಿಲ್ಲ ಎಂದು ಅದನ್ನು ನನ್ನಿಂದ ಹನ್ನೊಂದು ಸಲ ಟೈಪ್ ಹೊಡೆಸಿದ್ದರು. ಐದು ನಿಮಿಷ ತಡವಾದರೆ ಒಳಗೆ ಪ್ರವೇಶವಿಲ್ಲ. ಪ್ರಯೋಗ ಮಾಡುವಾಗ ಕಂಡ ಅಂಕಿಯನ್ನು ನೇರವಾಗಿ ರೆಕಾರ್ಡ್ ಪುಸ್ತಕದಲ್ಲಿ ಮಸಿಯಿಂದ ಬರೆಯಬೇಕು, ಚೂರು ಕಾಗದದಲ್ಲಿ ಗೀಚಿಕೊಳ್ಳುವಂತಿಲ್ಲ. ತಪ್ಪಿದರೆ ಕೆರೆಯದೆ, ಓದಲು ಬರುವಂತೆ ಒಂದೇ ಗೆರೆ ಎಳೆಯಬೇಕು. ಪುಟದ ಮೇಲ್ಮೂಲೆಯಲ್ಲಿ ಆ ದಿನದ ಕೋಣೆಯ ಉಷ್ಣಾಂಶ ಬರೆಯಬೇಕು. ಕೊನೆಯ ಅಂಕಿಯ ಕೆಳಗೆ ಪ್ರಯೋಗ ಮಾಡಿಸುವ ಡೆಮಾನ್‌ಸ್ಟ್ರೇಟರ್ ಆ ದಿನವೇ ತಾರೀಖು ಹಾಕಿ ಸಹಿ ಮಾಡಬೇಕು. ನನಗೆ ನಗು ತರಿಸಿದ್ದು ಒಂಬತ್ತನೆಯದು: ಉತ್ತರ ತಪ್ಪಾದರೆ ಅಂಕ ಹೋಗದು. ಹತ್ತನೆಯದನ್ನು ಓದಿ ಯಾರೂ ನಗಲಿಲ್ಲ: ಬೇರೆಯವನ ಅಂಕಿ ನಕಲು ಮಾಡಿದವನನ್ನು ತರಗತಿಯಿಂದಲೇ ತೆಗೆಯಲಾಗುವುದು; ತಾನಾಗಿ ಒಪ್ಪಿಕೊಂಡರೆ ಮುಂದಿನ ವರ್ಷ ಮೊದಲಿನಿಂದ ಓದಬಹುದು.

ಆ ವಾರದ ಪ್ರಯೋಗ ಲೋಲಕದ್ದು. ದಾರಕ್ಕೆ ಕಟ್ಟಿದ ಹಿತ್ತಾಳೆ ಗುಂಡನ್ನು ತೂಗಲು ಬಿಟ್ಟು, ಇಪ್ಪತ್ತು ತೂಗಾಟಕ್ಕೆ ಎಷ್ಟು ಸೆಕೆಂಡು ಹಿಡಿಯಿತೆಂದು ಬರೆದು, ಅದರಿಂದ ಭೂಮಿಯ ಸೆಳೆತದ ಬೆಲೆಯನ್ನು ಲೆಕ್ಕ ಹಾಕಬೇಕು. ಒಂದು ತಂಡ ಸೋಮವಾರ ಬೆಳಿಗ್ಗೆ ಮಾಡಿತು, ಇನ್ನೊಂದು ಗುರುವಾರ ಬೆಳಿಗ್ಗೆ. ಶುಕ್ರವಾರ ಸಂಜೆ ಪ್ರೊಫೆಸರು ಪುಸ್ತಕಗಳನ್ನು ತಿರುವಿ ಹಾಕುವಾಗ ಎರಡು ಪುಟ ಅಕ್ಷರಶಃ ಒಂದೇ ಆಗಿದ್ದವು. ಒಂದು ಕೂನೂರಿನ ಕಂಟ್ರಾಕ್ಟರ ಮಗ ಮಣಿಯದು, ಸೋಮವಾರದ ತಾರೀಖು. ಇನ್ನೊಂದು ಭೋಜನ್‌ನದು, ಗುರುವಾರದ ತಾರೀಖು. ಎರಡಕ್ಕೂ ಸಹಿ ಇತ್ತು. ಸೋಮವಾರ ಮೊದಲು, ಗುರುವಾರ ಆಮೇಲೆ. ಹಾಗಾಗಿ ಕಳ್ಳ ಯಾರೆಂದು ಕೇಳುವ ಅಗತ್ಯವೇ ಯಾರಿಗೂ ಕಾಣಲಿಲ್ಲ.

"ಪುಸ್ತಕಗಳನ್ನು ಯಾರು ಬೇಕಾದರೂ ತೆಗೆಯಬಹುದೇನು?" ಎಂದು ಅಕ್ಕ ಕೇಳಿದಳು.

"ಮೊಗಸಾಲೆಯಲ್ಲಿ ಒಂದು ಮರದ ಪೆಟ್ಟಿಗೆ ಇದೆ. ಬರೆದು ಮುಗಿಸಿದವರು ಅದರಲ್ಲಿ ಹಾಕುತ್ತಾರೆ."

"ಬೀಗ?"

"ಬೇಕೆಂದು ಮೇಲಕ್ಕೆ ಬರೆದು ಕಳಿಸಿದ್ದೇನೆ" ಎಂದೆ. ಅಕ್ಕ ಮೂಗು ಮುರಿದಳು. ಗುಮಾಸ್ತರ ಕಷ್ಟ ದಾದಿಯರಿಗೆ ತಿಳಿಯುವುದಿಲ್ಲ.

ಹನ್ನೆರಡು ಗಂಟೆಗೆ ನಾವು ಬೆಟ್ಟ ಹತ್ತಿದೆವು. ಪ್ರೊಫೆಸರರ ಮೂರು ಮಕ್ಕಳನ್ನೂ ಮೊದಲು ಎತ್ತಿಕೊಂಡ ಕೈ ಅಕ್ಕನದು. ಮೈಸೂರಿನಲ್ಲಿ ಓದಿದ್ದ ಅವರಿಗೆ ಕನ್ನಡವೂ ಚೆನ್ನಾಗಿ ಬರುತ್ತಿತ್ತು. "ನೋಡಿ ಜೋಗಮ್ಮನವರೇ, ಬೇಕಾದ್ದು ನೋಡಿ. ಆದರೆ ನಿಯಮ ನಿಯಮವೇ" ಎಂದು ಪುಸ್ತಕಗಳನ್ನು ಮುಂದಿಟ್ಟು ಊಟಕ್ಕೆ ಹೋದರು.

ಪ್ರಯೋಗಾಲಯದಲ್ಲಿ ಉಳಿದವನು ಡೆಮಾನ್‌ಸ್ಟ್ರೇಟರ್ ಬಾಲಸುಬ್ರಮಣಿಯನ್, ಕೆಂಪಿ ಹೇಳಿದ ಸಣ್ಣ ಮೇಷ್ಟ್ರು. ತಂಜಾವೂರು ಕಡೆಯವನು, ಈ ಊರಿನ ಚಳಿಗೆ ಹುಟ್ಟಿದವನಲ್ಲ. ಮೈಗೆ ಎರಡು ಶಾಲು, ಕಿವಿಗೆ ಮಫ್ಲರು.

ಅಕ್ಕ ಎರಡು ಪುಟಗಳನ್ನು ಪಕ್ಕಪಕ್ಕ ಇಟ್ಟಳು. ನಾನೂ ಬಗ್ಗಿ ನೋಡಿದೆ. ಮೇಲ್ಮೂಲೆಯಲ್ಲಿ ಹದಿನಾಲ್ಕು ಡಿಗ್ರಿ, ಎರಡರಲ್ಲೂ. ದಾರದ ಉದ್ದ ತೊಂಬತ್ತೇಳು ಸೆಂಟಿಮೀಟರು ಮೂರು ಮಿಲಿಮೀಟರು, ಎರಡರಲ್ಲೂ. ಇಪ್ಪತ್ತು ತೂಗಾಟಕ್ಕೆ ಮೂವತ್ತೊಂಬತ್ತು ಪಾಯಿಂಟ್ ಆರು ಸೆಕೆಂಡು, ಎರಡರಲ್ಲೂ. ಹೀಗೇ ಐದು ಸಾಲು. ಭೋಜನ್‌ನ ಪುಟದಲ್ಲಿ ಮಾತ್ರ ಒಂದು ಅಂಕಿಯ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಬೇರೆ ಬರೆದಿತ್ತು.

"ನಕಲು ಮಾಡುವಾಗ ಕೈ ತಪ್ಪಿದೆ, ನೋಡಿ ಅಮ್ಮಾ" ಎಂದ ಬಾಲಸುಬ್ರಮಣಿಯನ್.

"ಇರಬಹುದು. ಅಳೆಯುವಾಗಲೂ ಕೈ ತಪ್ಪುತ್ತದೆ" ಎಂದಳು ಅಕ್ಕ. "ಸೋಮವಾರದ ತಂಡ ಪ್ರಯೋಗ ಮಾಡುವಾಗ ನೀವು ಇಲ್ಲೇ ಇದ್ದಿರಾ?"

"ಇದ್ದೆ. ಎಂದರೆ, ಪಕ್ಕದ ಕೋಣೆಯಲ್ಲಿ. ಆ ಸೋಮವಾರ ಇಲ್ಲಿ ನಿಲ್ಲುವುದಕ್ಕೆ ಆಗುತ್ತಿತ್ತೇ? ಅಲ್ಲಿ ಅಗ್ಗಿಷ್ಟಿಕೆ ಇದೆ."

ಆ ಸೋಮವಾರ ನನಗೂ ನೆನಪಿತ್ತು. ಬಯಲಿನ ಹುಲ್ಲೆಲ್ಲ ಉಪ್ಪು ಎರಚಿದಂತೆ ಬೆಳ್ಳಗಾಗಿತ್ತು, ಬೆರಳು ಮರಗಟ್ಟಿ ಹತ್ತು ಗಂಟೆಯವರೆಗೆ ನನ್ನಿಂದ ಒಂದು ಕಾಗದ ಟೈಪ್ ಆಗಲಿಲ್ಲ. ಬುಧವಾರ ಮೋಡ ಕವಿದ ಮೇಲೆ ಊರಿಗೆ ಜೀವ ಬಂತು.

ಅಕ್ಕ ಎರಡೂ ತಂಡಗಳ ಉಳಿದ ಪುಸ್ತಕಗಳನ್ನೂ ಕೇಳಿ ತರಿಸಿಕೊಂಡು ಒಂದೊಂದರ ಪುಟವನ್ನೂ ತೆರೆದು ನೋಡಿದಳು. ಆಮೇಲೆ ಚಿಕ್ಕ ಹುಡುಗಿಯಂತೆ ಗುಂಡನ್ನು ತೂಗಲು ಬಿಟ್ಟು, ನಿಲ್ಲಿಸಿ, ದಾರ ಗಿಡ್ಡ ಮಾಡಿ ಮತ್ತೆ ತೂಗಿಸಿದಳು. "ದಾರ ಗಿಡ್ಡವಾದರೆ ಅವಸರ ಜಾಸ್ತಿ! ಅಲ್ಲ ಗುರು, ಇಷ್ಟು ಚೆಂದದ ಆಟ ಆಡಿಸಿ ಅದಕ್ಕೆ ಹದಿನಾಲ್ಕು ನಿಯಮ ಯಾಕೆ?" ಎಂದಳು. ನನಗೆ ರೇಗಿಹೋಯಿತು. ಹುಡುಗನ ಬದುಕು ದಾರದಲ್ಲಿ ತೂಗುತ್ತಿರುವಾಗ ಇವಳಿಗೆ ಆಟ.

ಮೂರು ಗಂಟೆಗೆ ಎಲ್ಲರೂ ಸೇರಿದರು. ಮೇಜಿನ ಹಿಂದೆ ಪ್ರೊಫೆಸರು, ಪಕ್ಕದಲ್ಲಿ ಬಾಲಸುಬ್ರಮಣಿಯನ್. ಎದುರಿಗೆ ಇಬ್ಬರು ಹುಡುಗರು: ಇಸ್ತ್ರಿ ಮಾಡಿದ ಕೋಟಿನ ಮಣಿ, ಕಣ್ಣು ನೆಲಕ್ಕೆ ನೆಟ್ಟ ಭೋಜನ್. ಕೆಂಪಿ ಒಳಗೆ ಬರಲೊಲ್ಲದೆ ಬಾಗಿಲಾಚೆ ಮೊಗಸಾಲೆಯಲ್ಲಿ ಕುಳಿತಳು.

"ಭೋಜನ್, ಒಪ್ಪಿಕೊಳ್ಳುತ್ತೀಯಾ?" ಎಂದರು ಪ್ರೊಫೆಸರು.

"ಇಲ್ಲೆ ಸರ್. ಮಾಡಿದ್ದರೆ ಒಪ್ಪುತ್ತಿದ್ದೆ."

"ತೀರ್ಪಿಗೆ ಮೊದಲು ನನ್ನದೊಂದು ಕೋರಿಕೆ" ಎಂದು ಅಕ್ಕ ಎದ್ದಳು. "ಇಬ್ಬರೂ ಆ ಪ್ರಯೋಗವನ್ನು ನಮ್ಮೆದುರಿಗೆ ಒಮ್ಮೆ ಮಾಡಲಿ. ಅದೇ ಗುಂಡು, ಅದೇ ಉದ್ದ. ಆ ದಿನ ಹೇಗೆ ಮಾಡಿದರೋ ಹಾಗೆಯೇ, ಆದರೆ ಬಾಯಿ ಬಿಟ್ಟು ಎಣಿಸಬೇಕು."

ಮಣಿ ಮೊದಲು ಬಂದ. ಒಂದು ಕೈಯಲ್ಲಿ ಸ್ಟಾಪ್‌ವಾಚು, ಇನ್ನೊಂದರಲ್ಲಿ ಗುಂಡು. ಗುಂಡು ಬಿಡುತ್ತಲೇ ವಾಚು ಒತ್ತಿ "ವನ್" ಎಂದ. ಗುಂಡು ಹೋಗಿ ತಿರುಗಿ ಬಂದಾಗ "ಟೂ". ಟ್ವೆಂಟಿ ಎಂದು ವಾಚು ನಿಲ್ಲಿಸಿದ. ಪ್ರೊಫೆಸರು ನೋಡಿ ಹೇಳಿದರು, "ಮೂವತ್ತೇಳು ಪಾಯಿಂಟ್ ಆರು." ಅವರ ಹುಬ್ಬು ಮೇಲೇರಿತು.

ಆಮೇಲೆ ಭೋಜನ್. ಗುಂಡು ಬಿಟ್ಟು ವಾಚು ಒತ್ತಿದ, ತುಟಿ ಮಾತ್ರ ಅಲ್ಲಾಡಲಿಲ್ಲ. ಗುಂಡು ಹೋಗಿ ಅವನ ಬೆರಳ ಹತ್ತಿರ ತಿರುಗಿ ಬಂದ ಮೇಲೆ ಮೆಲ್ಲಗೆ "ಲಾಭ" ಎಂದ. ಮಣಿ ಕಿಸಕ್ಕನೆ ನಕ್ಕ. ಭೋಜನ್‌ನ ಕಿವಿ ಕೆಂಪೇರಿತು, ಆದರೂ ನಿಲ್ಲಿಸಲಿಲ್ಲ. "ಎರಡು... ಮೂರು..." ಇಪ್ಪತ್ತಕ್ಕೆ ವಾಚು ನಿಂತಿತು.

"ಮೂವತ್ತೊಂಬತ್ತು ಪಾಯಿಂಟ್ ಆರು" ಎಂದರು ಪ್ರೊಫೆಸರು. ಆಮೇಲೆ ಎರಡೂ ಪುಸ್ತಕಗಳನ್ನು ನೋಡಿದರು.

"ಒಂದೇ ಗುಂಡು, ಒಂದೇ ದಾರ, ಎರಡು ಸೆಕೆಂಡಿನ ವ್ಯತ್ಯಾಸ" ಎಂದಳು ಅಕ್ಕ. "ನಾನು ಆಸ್ಪತ್ರೆಗೆ ಸೇರಿದ ಹೊಸದರಲ್ಲಿ ನಾಡಿ ಎಣಿಸುವುದನ್ನು ಕಲಿಸಿದ ಡಾಕ್ಟರು ದಿನಾ ಬೈಯುತ್ತಿದ್ದರು. ಗಡಿಯಾರ ನೋಡಲು ಶುರು ಮಾಡಿದ ಬಡಿತಕ್ಕೇ ನಾನು ಒಂದು ಎನ್ನುತ್ತಿದ್ದೆ. ಅದು ಒಂದಲ್ಲ, ಸೊನ್ನೆ; ಮುಂದಿನ ಬಡಿತ ಬಂದಾಗ ಒಂದು. ಮಣಿ ಗುಂಡು ಬಿಡುವಾಗಲೇ ಒಂದು ಎಂದ. ಅವನು ಇಪ್ಪತ್ತು ಎನ್ನುವಾಗ ಗುಂಡು ತೂಗಿದ್ದು ಹತ್ತೊಂಬತ್ತೇ ಸಲ. ಆ ಚಾಳಿ ಬಿಡಲು ನನಗೆ ಮೂರು ತಿಂಗಳು ಬೇಕಾಯಿತು. ಈ ಭೋಜನ್‌ಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಅವನ ತಾಯಿ ಇವತ್ತು ಬೆಳಿಗ್ಗೆ ನಮ್ಮ ಜಗಲಿಯಲ್ಲಿ ಸಾಮೆ ಅಳೆದಳು. ಕೊಲಗ ತುಂಬಿದಾಗ ಎಣಿಸಲಿಲ್ಲ, ಸುರಿದು ಬರಿದಾದ ಮೇಲೆ ಎಣಿಸಿದಳು. ಸಂತೆಯಲ್ಲಿ ಅವಳ ಪಕ್ಕದಲ್ಲಿ ಕೂತು ಬೆಳೆದವನು ಇವನು. ಕೆಲಸ ಮುಗಿಯದೆ ಅವನ ಬಾಯಿಂದ ಲೆಕ್ಕ ಹೊರಡುವುದಿಲ್ಲ. ಪುಸ್ತಕ ಎರಡರಲ್ಲೂ ಇರುವುದು ಮೂವತ್ತೊಂಬತ್ತು. ಅದು ಇವನ ಎಣಿಕೆ."

ಪ್ರೊಫೆಸರು ತಲೆ ತೂಗಿದರು, ಆದರೆ ಬಿಟ್ಟುಕೊಡಲಿಲ್ಲ. "ಬಹಳ ಸೊಗಸಾಗಿದೆ. ಆದರೆ ಇದು ಅನುಮಾನ, ಪುರಾವೆಯಲ್ಲ. ಸೋಮವಾರ ಮಣಿ ಸರಿಯಾಗಿಯೇ ಎಣಿಸಿರಬಹುದು. ಅವನ ಪುಟಕ್ಕೆ ಸೋಮವಾರವೇ ಸಹಿ ಬಿದ್ದಿದೆ. ಗುರುವಾರ ಹುಟ್ಟಿದ ಅಂಕಿ ಸೋಮವಾರದ ಪುಟಕ್ಕೆ ಹೇಗೆ ಹೋದೀತು?"

"ನಾನೂ ಅಲ್ಲೇ ತಡವರಿಸಿದ್ದು. ಗೆರೆ ಎಳೆದ ಅಂಕಿಯಿಂದಲೂ ಏನೂ ಸಾಬೀತಾಗಲಿಲ್ಲ, ಅದು ಎರಡು ಕಡೆಗೂ ವಾಲುತ್ತದೆ. ಅದನ್ನು ಬಿಟ್ಟೆ. ಆಮೇಲೆ ನಿಮ್ಮದೇ ನಿಯಮ ಕೈ ಹಿಡಿಯಿತು. ಗುರು, ಸೋಮವಾರದ ತಂಡದ ಪುಸ್ತಕಗಳ ಮೇಲ್ಮೂಲೆಯನ್ನು ಮಾತ್ರ ಓದು."

ನಾನು ಒಂದೊಂದಾಗಿ ತೆರೆದು ಓದಿದೆ. ಆರು ಡಿಗ್ರಿ. ಏಳು. ಆರು. ಏಳು. ಏಳು. ಕೊನೆಗೆ ಮಣಿಯ ಪುಸ್ತಕ ತೆರೆದೆ. "ಹದಿನಾಲ್ಕು."

ಇಬ್ಬನಿ ಹೆಪ್ಪುಗಟ್ಟಿದ್ದ ಆ ಸೋಮವಾರ ಬೆಳಿಗ್ಗೆ ಈ ಕೋಣೆಯಲ್ಲಿ ಹದಿನಾಲ್ಕು ಡಿಗ್ರಿ ಇತ್ತೆಂದರೆ ಊಟಿಯಲ್ಲಿ ಒಂದು ಚಳಿಗಾಲ ಕಳೆದ ಯಾರೂ ನಂಬುವುದಿಲ್ಲ. ಆ ಅಂಕಿಯನ್ನು ನಾನು ಮಧ್ಯಾಹ್ನವೇ ನನ್ನ ಕಣ್ಣಾರೆ ನೋಡಿದ್ದೆ, ಬುದ್ಧಿಗೆ ಮಾತ್ರ ಹೊಳೆದಿರಲಿಲ್ಲ.

"ಗುರುವಾರದ ಪುಟಗಳಲ್ಲೆಲ್ಲ ಹದಿಮೂರು, ಹದಿನಾಲ್ಕು ಇದೆ" ಎಂದಳು ಅಕ್ಕ. "ನಕಲು ಮಾಡಿದವನು ಎಷ್ಟು ನಿಷ್ಠೆಯಿಂದ ಮಾಡಿದನೆಂದರೆ ಆ ದಿನದ ಸೆಖೆಯನ್ನೂ ನಕಲು ಮಾಡಿಬಿಟ್ಟ. ಭೋಜನ್ ಗುರುವಾರ ಬರೆದು ಮುಗಿಸಿ ಪುಸ್ತಕವನ್ನು ಪೆಟ್ಟಿಗೆಯಲ್ಲಿ ಹಾಕಿದ. ಬೀಗವಿಲ್ಲದ ಪೆಟ್ಟಿಗೆ. ಅದನ್ನು ತೆಗೆದು, ನೋಡಿ ಬರೆದು, ಮತ್ತೆ ಅಲ್ಲೇ ಇಟ್ಟಿದ್ದಾರೆ. ಹಾಗಾದರೆ ಸೋಮವಾರ ಈ ಪುಟದಲ್ಲಿ ಏನಿತ್ತು? ಅಂಕಿ ಇರಲಿಲ್ಲ. ಇದ್ದದ್ದು ಸಹಿ ಒಂದೇ. ಖಾಲಿ ಪುಟಕ್ಕೆ ಸಹಿ ಹಾಕಿದ್ದು ಯಾಕೆಂದು ಅಗ್ಗಿಷ್ಟಿಕೆ ಇದ್ದ ಕೋಣೆಯವರು ಹೇಳಬೇಕು."

ಬಾಲಸುಬ್ರಮಣಿಯನ್ ಎದ್ದು ನಿಂತ. ಕಿವಿಯ ಮಫ್ಲರು ಬಿಚ್ಚಿ ಕೈಯಲ್ಲಿ ಹಿಡಿದ.

"ಚಳಿ ತಡೆಯಲಾಗಲಿಲ್ಲ ಸರ್. ಬೆಳಿಗ್ಗೆಯೇ ಎಲ್ಲರ ಪುಟಕ್ಕೂ ಸಹಿ ಹಾಕಿಬಿಟ್ಟೆ. ಬರೆದುಕೊಳ್ಳುತ್ತಾರೆ ಎಂದುಕೊಂಡೆ. ನಿನ್ನೆ ನೀವು ಎರಡು ಪುಟ ತೋರಿಸಿದಾಗ ಹೇಳಬೇಕೆಂದಿದ್ದೆ. ಕೆಲಸ ಹೋಗುತ್ತದೆಂದು ಹೆದರಿದೆ."

"ಹೆದರಿ, ಮಾಡದ ತಪ್ಪನ್ನು ಒಪ್ಪಿಕೋ ಎಂದು ಈ ಹುಡುಗನಿಗೆ ಬುದ್ಧಿ ಹೇಳಿದಿರಿ" ಎಂದಳು ಅಕ್ಕ. ಅವಳ ದನಿ ಏರಲಿಲ್ಲ. ನನಗಂತೂ ಆ ಎರಡು ಶಾಲುಗಳನ್ನು ಕಿತ್ತು ಅವನನ್ನು ಬಯಲಿನ ಇಬ್ಬನಿಯಲ್ಲಿ ನಿಲ್ಲಿಸಬೇಕೆನಿಸಿತು.

ಅಷ್ಟರಲ್ಲಿ ಮಣಿ ಕೋಟಿನ ಜೇಬಿಗೆ ಕೈ ಹಾಕಿ, ನಾಲ್ಕಾಗಿ ಮಡಿಸಿದ ಒಂದು ಚೂರು ಕಾಗದ ತೆಗೆದು ಮೇಜಿನ ಮೇಲಿಟ್ಟ.

"ಸೋಮವಾರ ನಾನು ಪ್ರಯೋಗ ಮಾಡಿದ್ದು ನಿಜ ಸರ್. ಇದರಲ್ಲಿ ಬರೆದಿದ್ದೆ. ಲೆಕ್ಕ ಹಾಕಿದರೆ ಉತ್ತರ ಸಾವಿರದ ಎಂಬತ್ತಾರು ಬಂತು. ಪಠ್ಯಪುಸ್ತಕದಲ್ಲಿ ಒಂಬೈನೂರ ಎಪ್ಪತ್ತೆಂಟು ಅಂತಿದೆ. ಎಷ್ಟು ಸಲ ಮಾಡಿದರೂ ಅಷ್ಟೇ. ಭೋಜನ್‌ನ ಉತ್ತರ ಸರಿ ಬಂದಿದೆ ಅಂತ ಹುಡುಗರು ಮಾತಾಡಿಕೊಂಡರು."

ಪ್ರೊಫೆಸರು ಕಾಗದ ಬಿಚ್ಚಿ ಮೂವತ್ತೇಳು ಪಾಯಿಂಟ್ ಆರು ಎಂಬ ಅಂಕಿಯ ಮೇಲೆ ಬೆರಳಿಟ್ಟರು. "ಇದನ್ನೇ ಪುಸ್ತಕದಲ್ಲಿ ಬರೆದಿದ್ದರೆ ನಿನಗೆ ಪೂರ್ತಿ ಅಂಕ ಕೊಡುತ್ತಿದ್ದೆ. ಎಲ್ಲಿ ತಪ್ಪಿತೆಂದು ಇಬ್ಬರೂ ಕೂತು ಹುಡುಕುತ್ತಿದ್ದೆವು. ಉತ್ತರ ತಪ್ಪಾದರೆ ಅಂಕ ಹೋಗದು ಎಂದು ಬಾಗಿಲ ಮೇಲೆ ಅಂಟಿಸಿದ್ದೇನಲ್ಲ!"

"ಅಂಟಿಸಿದ್ದೀರಿ ಸರ್" ಎಂದ ಮಣಿ. ಅವನ ಕಣ್ಣು ತುಂಬಿತ್ತು. "ಆದರೆ ನಿಜವಾಗಿ ಯಾವ ಮೇಷ್ಟ್ರು ಹಾಗೆ ನಡಕೊಂಡಿದ್ದಾರೆ? ನಾವ್ಯಾರೂ ಅದನ್ನ ನಂಬಲಿಲ್ಲ ಸರ್."

ಆ ಹಾಳೆಯನ್ನು ಹನ್ನೊಂದು ಸಲ ಟೈಪ್ ಹೊಡೆದ ನಾನೂ ನಂಬಿರಲಿಲ್ಲ, ನಕ್ಕಿದ್ದೆ. ಹುಡುಗನ ಮೇಲಿದ್ದ ನನ್ನ ಸಿಟ್ಟು ಅರ್ಧ ಇಳಿಯಿತು.

ಕೊನೆಗೆ ಪ್ರೊಫೆಸರು ಹೇಳಿದರು, "ಹತ್ತನೆಯ ನಿಯಮವನ್ನು ನಾನು ಮುರಿಯಲಾರೆ ಮಣಿ. ನೀನು ಒಪ್ಪಿಕೊಂಡಿದ್ದೀಯೆ. ಜುಲೈಯಲ್ಲಿ ಬಾ, ಮೊದಲಿನಿಂದ ಶುರು ಮಾಡೋಣ. ಈ ಕಾಗದ ನನ್ನ ಹತ್ತಿರ ಇರಲಿ, ಮುಂದಿನ ವರ್ಷದ ಮೊದಲ ಪಾಠ ಇದೇ. ಬಾಲಸುಬ್ರಮಣಿಯನ್, ಪ್ರಿನ್ಸಿಪಾಲರಿಗೆ ನಾನು ಹೇಳುವ ಮೊದಲು ನೀವೇ ಹೋಗಿ ಹೇಳಿ. ಗುರುಸಿದ್ದಪ್ಪ, ಮೇಷ್ಟ್ರುಗಳಿಗೂ ಒಂದು ನಿಯಮ ಬೇಕಾಗಿದೆ. ಹದಿನೈದನೆಯದು."

ಹನ್ನೆರಡನೆಯ ಸಲ, ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಆಮೇಲೆ ಅವರು ಭೋಜನ್‌ನ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡು ಕೆಂಪು ಮಸಿಯಲ್ಲಿ ಅಂಕ ಹಾಕಿ, ಸಹಿ ಮಾಡಿ ಅವನ ಕೈಗೆ ಕೊಟ್ಟರು. ಇಪ್ಪತ್ತಕ್ಕೆ ಹದಿನೇಳು. ಕ್ಷಮೆ ಕೇಳುತ್ತಾರೇನೋ ಎಂದು ನಾನು ಕಾದೆ. ಅವರು ಮಸಿ ಕುಡಿಕೆಯ ಮುಚ್ಚಳ ಹಾಕಿದರು. ಭೋಜನ್ ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಬಾಗಿಲವರೆಗೂ ಹೋದ. ಅಲ್ಲಿ ನಿಂತ. ಹೊರಗೆ ಅವನ ತಾಯಿ ಎದ್ದು ನಿಂತಿದ್ದಳು. ಅವನು ಅವಳತ್ತ ಒಮ್ಮೆ ನೋಡಿ ತಿರುಗಿ ಬಂದ. ಆರು ತಿಂಗಳಿನಿಂದ ತರಗತಿಯಲ್ಲಿ ಒಂದು ದಿನವೂ ಬಾಯಿ ಬಿಡದ ಹುಡುಗ ಅವನೆಂದು ಪ್ರೊಫೆಸರು ಆಮೇಲೆ ನನಗೆ ಹೇಳಿದರು.

"ಸರ್, ಮೂರು ಅಂಕ ಯಾಕೆ ಹೋಯಿತು?"

ಪ್ರೊಫೆಸರು ಎದ್ದು, ತಮ್ಮ ಪಕ್ಕದ ಕುರ್ಚಿಯನ್ನು ತಾವೇ ಎಳೆದುಕೊಟ್ಟು, ದಾರದ ಉದ್ದವನ್ನು ಗುಂಡಿನ ಎಲ್ಲಿಯವರೆಗೆ ಅಳೆಯಬೇಕೆಂದು ಚಿತ್ರ ಬರೆಯತೊಡಗಿದರು. ಭೋಜನ್ ಮೇಜಿನ ಮೇಲೆ ಬಾಗಿದ.

ನಾವು ಮೊಗಸಾಲೆಗೆ ಬಂದೆವು. ಕೆಂಪಿ ಅಕ್ಕನ ಕೈ ಹಿಡಿದುಕೊಂಡಳು. ಒಳಗೆ ಏನು ನಡೆಯಿತೆಂದು ಅವಳಿಗೆ ಅರ್ಧ ಮಾತ್ರ ಕೇಳಿತ್ತು, ಮಗ ಹೊರಗೆ ಬಾರದ್ದು ಕಂಡು ಮುಖ ಬಿಳಿಚಿತ್ತು.

"ಇನ್ನೂ ಮುಗಿದಿಲೆಯಾ ಅಕ್ಕಾ?"

"ಇಲ್ಲ ಕೆಂಪಿ" ಎಂದಳು ಜೋಗಮ್ಮ. "ಪಾಠ ಈಗಷ್ಟೇ ಶುರುವಾಗಿದೆ."